ರಿವಾಲ್ವರ್ ಕೊಳ್ಳುವ ಮೊದಲು ಹಾರಿಸಿ ನೋಡಲು ಅವಕಾಶ ಬೇಕು

ಮಾನ್ಯ ಸಂಪಾದಕರೇ,

ಆತ್ಮರಕ್ಷಣೆಗೆ ಕೈಬಂದೂಕಿನ ಲೈಸೆನ್ಸ್ ಪಡೆಯುವ ಹೆಣ್ಣುಮಕ್ಕಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ವಿಷಯ ಎತ್ತಿಕೊಂಡದ್ದಕ್ಕೆ ಸಂತೋಷ. ಆದರೆ ಕೊನೆಯಲ್ಲಿ ಒಂದು ಸಲಹೆ ಇತ್ತು: ಹೆಂಗಸರಿಗೆ ಆದಷ್ಟು ಚಿಕ್ಕದು, ಆದಷ್ಟು ಹಗುರದ್ದು ಒಳ್ಳೆಯದು ಅಂತ. ಇದೇ ಮಾತನ್ನು ಅಂಗಡಿಯಲ್ಲೂ ಹೇಳುತ್ತಾರೆ, ಮದುವೆ ಮನೆಯಲ್ಲಿ ಪಕ್ಕ ಕೂತವರೂ ಹೇಳುತ್ತಾರೆ. ಲಕ್ಷಗಟ್ಟಲೆ ದುಡ್ಡು ಕೊಟ್ಟು, ಆಮೇಲೆ ಬೀರುವಿನಲ್ಲಿ ಬೀಗ ಹಾಕಿ ಇಟ್ಟುಬಿಡುವಂತೆ ಮಾಡುವುದು ಈ ಮಾತೇ. ಅದಕ್ಕೇ ಈ ಪತ್ರ.

ನನ್ನದು ದಕ್ಷಿಣ ಕೊಡಗಿನಲ್ಲಿ ಕಾಫಿ ತೋಟ. ಯಜಮಾನರು ಹೋದ ಮೇಲೆ ತೋಟ ನಾನೇ ನೋಡಿಕೊಳ್ಳುತ್ತಿದ್ದೇನೆ. ಮನೆಗೂ ಟಾರು ರಸ್ತೆಗೂ ನಡುವೆ ಒಂದು ಗದ್ದೆ ಬಯಲು, ಆಮೇಲೆ ಕಾಡಂಚು. ವಾರದ ಬಟವಾಡೆಗೆ ಬ್ಯಾಂಕಿನಿಂದ ಹಣ ತರುವವಳೂ ನಾನೇ. ಈಗ ಫೋನಿನಲ್ಲೇ ಕಳಿಸಬಹುದಲ್ಲ ಅನ್ನುತ್ತಾರೆ. ನಮ್ಮ ಆಳುಗಳ ಲೈನ್ ಮನೆಯಲ್ಲಿರುವ ಅರ್ಧ ಜನಕ್ಕೆ ಕೈಗೆ ನೋಟೇ ಬೇಕು.

ಕೋವಿ ನಮಗೆ ಹೊಸದಲ್ಲ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆದೇ ಬೆಳೆದವರು ನಾವು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಹೊರಗಿನವರಿಗೆ ಮಾತ್ರವಲ್ಲ, ನಮ್ಮವರಿಗೂ ಎಷ್ಟೋ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಆ ವಿನಾಯಿತಿ ಉದ್ದ ನಳಿಗೆಯ ಕೋವಿಗೆ, ರೈಫಲ್‌ಗೆ ಮಾತ್ರ. ರಿವಾಲ್ವರ್, ಪಿಸ್ತೂಲ್ ಬೇಕೆಂದರೆ ಮಂಡ್ಯದವರಂತೆ, ಬೀದರಿನವರಂತೆ ನಾವೂ ಅರ್ಜಿ ಹಾಕಿ, ಪೊಲೀಸ್ ವಿಚಾರಣೆ ಮುಗಿಸಿ, ಲೈಸೆನ್ಸ್ ಪಡೆಯಲೇಬೇಕು. ನಾನೂ ಹಾಗೆಯೇ ಪಡೆದೆ. (ಆನೆಗೆ ಅಂತ ರಿವಾಲ್ವರ್ ಕೊಳ್ಳುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಆನೆ ಮುಂದೆ ಅದರಿಂದ ಏನೂ ಆಗದು, ನಿಮ್ಮ ಜೀವಕ್ಕೇ ಅಪಾಯ.)

ಆರಿಸಿಕೊಳ್ಳುವ ಮಾತಿಗೆ ಬರುತ್ತೇನೆ. ನನ್ನ ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ನಾನು ಲೈಸೆನ್ಸ್‌ಗೆ ಹಾಕಿದ್ದೇನೆ ಎಂದು ತಿಳಿದದ್ದೇ ತಡ, ದಿನಕ್ಕೊಂದು ವೀಡಿಯೊ ಕಳಿಸತೊಡಗಿದ. ಎಲ್ಲವೂ 9 ಎಂಎಂ ಗುಂಡಿನವು. ಗ್ಲಾಕ್ 43, ಸಿಗ್ ಪಿ365 ಅಂತ ಅಂಗೈಯಗಲದ ಪಿಸ್ತೂಲುಗಳು. ನೋಡಲು ಚೆನ್ನ. ಆದರೆ ನಮ್ಮ ದೇಶದಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಒಳಗಿನ ಅಳತೆ), ಇಂಚಿನ ಲೆಕ್ಕದ .38 ಕೂಡ. ಸಾಮಾನ್ಯ ಲೈಸೆನ್ಸ್‌ಗೆ ಅವು ಸಿಗುವುದಿಲ್ಲ. ನಮ್ಮ ಪಾಲಿಗೆ ಇರುವುದು ಮುಖ್ಯವಾಗಿ .32 ಮತ್ತು .22. ಹಾಗಾಗಿ ಆ ವೀಡಿಯೊಗಳನ್ನು ನೋಡಿ ಮನಸ್ಸು ಕೆಡಿಸಿಕೊಳ್ಳಬೇಡಿ.

.32ರಲ್ಲಿ ಕಾನ್ಪುರದಲ್ಲಿ ತಯಾರಾಗುವ ರಿವಾಲ್ವರ್‌ಗಳೇ ನಮ್ಮಲ್ಲಿ ಜಾಸ್ತಿ ಹೆಸರುವಾಸಿ. 2014ರಲ್ಲಿ ಬಂದ ‘ನಿರ್ಭೀಕ್’ ಹೆಂಗಸರಿಗೆಂದೇ ಮಾಡಿದ್ದು ಅಂತ ಪ್ರಚಾರವಾಯಿತು. ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ ಒಂದು ಲಕ್ಷ 22 ಸಾವಿರದ ಮೇಲೆ. 2023ರಲ್ಲಿ ಬಂದ ‘ಪ್ರಬಲ್’ ಸುಮಾರು 700 ಗ್ರಾಂ, ನಳಿಗೆ 76 ಮಿಲಿಮೀಟರ್, ಗುಂಡು ತುಂಬುವ ಚಕ್ರ ಪಕ್ಕಕ್ಕೆ ಹೊರಳುತ್ತದೆ. ನಿರ್ಭೀಕ್‌ನಂಥ ಹಿಂದಿನವು ನಡು ಮುರಿದು ಬಾಗುವ ಜಾತಿಯವು, ನಮ್ಮ ಕೋವಿಯ ಹಾಗೆ. ಬಂಗಾಳದ ಇಶಾಪುರದ ‘ನಿಡರ್’ .22ರದ್ದು, ಬರೀ 250 ಗ್ರಾಂ.

ಈ ತೂಕಗಳನ್ನು ಕಾಗದದ ಮೇಲೆ ನೋಡಿದ ಯಾರಿಗೂ 500 ಗ್ರಾಂನದೇ ವಾಸಿ ಅನ್ನಿಸುತ್ತದೆ. ಚೀಲದಲ್ಲಿ ಹೊರುವಾಗ ಅದು ನಿಜವೂ ಹೌದು. ಹಾರಿಸುವಾಗ ಮಾತು ಬೇರೆ. ಒಂದೇ ಗುಂಡನ್ನು ಎರಡರಲ್ಲೂ ಹಾರಿಸಿದರೆ 500 ಗ್ರಾಂನದು 700 ಗ್ರಾಂನದಕ್ಕಿಂತ ಶೇ 40ರಷ್ಟು ಜಾಸ್ತಿ ವೇಗದಲ್ಲಿ ಅಂಗೈಗೆ ಒದೆಯುತ್ತದೆ. ಇದು ಶಾಲೆಯಲ್ಲಿ ಕಲಿತ ಲೆಕ್ಕ, ಯಾರು ಬೇಕಾದರೂ ಹಾಕಿ ನೋಡಬಹುದು. .32 ದೊಡ್ಡ ಗುಂಡೇನಲ್ಲ, ಒದೆತಕ್ಕೆ ಕೈ ಮುರಿಯುವುದಿಲ್ಲ. ಆದರೆ ಚಿಕ್ಕ ಹಿಡಿ, ಹಗುರ ಮೈ ಸೇರಿದಾಗ ಪ್ರತಿ ಗುಂಡಿಗೂ ಹೆಬ್ಬೆರಳಿನ ಬುಡಕ್ಕೆ ಏಟು ಬೀಳುತ್ತದೆ. ಎರಡು ಸುತ್ತು ಹಾರಿಸುವಷ್ಟರಲ್ಲಿ ಕೈ ತಾನಾಗಿಯೇ ಹೆದರತೊಡಗುತ್ತದೆ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ನಳಿಗೆ ಕೆಳಕ್ಕೆ ಬಾಗುತ್ತದೆ. ಗುಂಡು ನೆಲಕ್ಕೆ ಹೋಗುತ್ತದೆ. ಆಮೇಲೆ ಅಭ್ಯಾಸಕ್ಕೆ ಹೋಗಲು ಮನಸ್ಸೇ ಬರುವುದಿಲ್ಲ. ಅಭ್ಯಾಸ ಇಲ್ಲದವರ ಕೈಯಲ್ಲಿ ರಿವಾಲ್ವರ್ ಇದ್ದರೆ ಕಳ್ಳನಿಗಿಂತ ಮನೆಯವರಿಗೇ ಅಪಾಯ ಜಾಸ್ತಿ, ಅಲ್ವಾ?

ಚಿಕ್ಕದಕ್ಕೆ ಇನ್ನೊಂದು ತೊಂದರೆಯೂ ಇದೆ. ನಳಿಗೆ ಗಿಡ್ಡವಾದಷ್ಟೂ ಗುರಿ ನೋಡುವ ಹಿಂದಿನ ಸೈಟ್ ಮತ್ತು ಮುಂದಿನ ಸೈಟ್ ಹತ್ತಿರವಾಗುತ್ತವೆ. ಕೈ ಸ್ವಲ್ಪ ಅಲುಗಿದರೂ ಗುರಿ ಜಾಸ್ತಿ ತಪ್ಪುತ್ತದೆ. ನುರಿತವರು ಸಂಭಾಳಿಸಿಕೊಂಡಾರು. ಹೊಸದಾಗಿ ಕಲಿಯುವವರಿಗೆ ಅದನ್ನೇ ಕೊಡುವುದು ಯಾವ ನ್ಯಾಯ?

ಅಂಗಡಿಯಲ್ಲಿ ನಾನು ನೋಡಿದ್ದು ತೂಕವನ್ನಲ್ಲ, ಕೈಯನ್ನು. ಮೊದಲು ಚಕ್ರ ತೆರೆದು ಗುಂಡು ಕೂರುವ ಆರೂ ಕೋಣೆ ಖಾಲಿ ಇವೆಯೇ ಎಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತ ಮಾಡಿಕೊಂಡೆ. ಆಮೇಲೆ ಹಿಡಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಹಿಡಿಯ ಹಿಂಭಾಗಕ್ಕೆ ಆದಷ್ಟು ಮೇಲೆ ಒತ್ತಿ ಕೂರಬೇಕು. ನಳಿಗೆ ಮುಂದೋಳಿನ ನೇರಕ್ಕೆ ಬರಬೇಕು. ಅದೇ ಹಿಡಿತದಲ್ಲಿ, ಕೈ ತಿರುಚದೆ, ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮೇಲೆ ಕೂರಬೇಕು. ಬರೀ ತುದಿ ತಾಗಿದರೆ ಹಿಡಿ ನಿಮಗೆ ದೊಡ್ಡದಾಯಿತು. ಕಿರುಬೆರಳಿಗೆ ಜಾಗವೇ ಇಲ್ಲದೆ ಕೆಳಗೆ ಜೋತುಬಿದ್ದರೆ ಹಿಡಿ ಚಿಕ್ಕದಾಯಿತು. ಎಳೆದು ನೋಡಿ. ಹ್ಯಾಮರ್ (ಹಿಂದಿರುವ ಸುತ್ತಿಗೆ) ಎತ್ತದೆ ನೇರವಾಗಿ ಎಳೆದಾಗ ರಿವಾಲ್ವರ್ ಟ್ರಿಗರ್ ಬಹಳ ಗಟ್ಟಿ. ಎಲ್ಲರ ಬೆರಳಿಗೂ ಅದು ಆಗದು. ಹ್ಯಾಮರ್ ಎತ್ತಿ ಎಳೆದರೆ ಹಗುರ, ಆದರೆ ಗಾಬರಿಯಲ್ಲಿ ಅದಕ್ಕೆ ಸಮಯ ಸಿಗುತ್ತದೆ ಎಂದು ನಂಬಬೇಡಿ.

ಮನೆಯಲ್ಲಿ ಮಾಡಲು ಒಂದು ಒಳ್ಳೆಯ ಅಭ್ಯಾಸ ಇದೆ. ಗುಂಡುಗಳನ್ನೆಲ್ಲ ಮನೆಯ ಬೇರೆ ಕೋಣೆಯಲ್ಲಿಟ್ಟು, ರಿವಾಲ್ವರ್ ಖಾಲಿ ಇದೆ ಎಂದು ಎರಡು ಸಲ ನೋಡಿ, ಗಟ್ಟಿ ಗೋಡೆಯ ಕಡೆ ಹಿಡಿದು, ನಳಿಗೆಯ ತುದಿಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಟ್ರಿಗರ್ ಎಳೆಯಿರಿ. ನಾಣ್ಯ ಬೀಳದ ಹಾಗೆ ಎಳೆಯಲು ಬಂದರೆ ಕೈ ಹದಕ್ಕೆ ಬಂತು. .22ರದ್ದಾದರೆ ಹೀಗೆ ಸುಮ್ನೆ ಖಾಲಿ ಹೊಡೆಯಬೇಡಿ, ಗುಂಡಿಗೆ ಹೊಡೆಯುವ ಪಿನ್ ಹೋಗಿ ಚಕ್ರದ ಕೋಣೆಯ ಅಂಚಿಗೆ ತಾಗಿ ಎರಡೂ ಹಾಳಾಗುತ್ತವೆ.

ಪಿಸ್ತೂಲೋ ರಿವಾಲ್ವರೋ ಎಂದು ಕೇಳುವವರು ಜಾಸ್ತಿ. ಪಿಸ್ತೂಲ್ ಚಪ್ಪಟೆ, ಬಟ್ಟೆಯೊಳಗೆ ಚೆನ್ನಾಗಿ ಅಡಗುತ್ತದೆ, ಮರುತುಂಬುವುದೂ ಬೇಗ. ಆದರೆ .32 ಪಿಸ್ತೂಲುಗಳ ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದಕ್ಕೆ ಎಳೆಯಲು ಬಲ ಬೇಕು. ಬೆರಳಿನ ಗಂಟು ನೋವಿರುವವರಿಗೆ ಕಷ್ಟ. ನನಗೂ ಅದೇ ಕಾರಣಕ್ಕೆ ರಿವಾಲ್ವರ್ ಹಿತವಾಯಿತು. ಎಳೆಯುವ ಸ್ಲೈಡ್ ಇಲ್ಲ. ಒಂದು ಗುಂಡು ಹಾರದಿದ್ದರೆ ಇನ್ನೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದೆ. ನೆನಪಿಡಿ, ಎರಡಕ್ಕೂ ‘ಮೂವತ್ತೆರಡು’ ಅಂತಲೇ ಹೇಳಿದರೂ ರಿವಾಲ್ವರ್ ಗುಂಡೇ ಬೇರೆ, ಪಿಸ್ತೂಲ್ ಗುಂಡೇ ಬೇರೆ. ಅಂಗಡಿಯಲ್ಲಿ ಬಾಯಿಮಾತಿಗೆ ತರಬೇಡಿ.

ಮರೆಯಲ್ಲಿ ಒಯ್ಯುವ ವಿಷಯದಲ್ಲಿ ನಮ್ಮ ಕಾನೂನು ಸ್ಪಷ್ಟ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಹೋಲ್‌ಸ್ಟರ್‌ನಲ್ಲೋ (ಬಂದೂಕಿನ ಒರೆ) ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು. ಎತ್ತಿ ತೋರಿಸುವುದು ಅಪರಾಧ. ಮದುವೆಯಲ್ಲಿ ಖುಷಿಗೆ ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲೂ ಆಗಬಹುದು.

ಆದರೆ ಹೋಲ್‌ಸ್ಟರ್‌ಗಳೆಲ್ಲ ಪ್ಯಾಂಟಿಗೆ ಬೆಲ್ಟ್ ಹಾಕುವ ಗಂಡಸರಿಗೆ ಮಾಡಿದವು. ಸೀರೆಗೆ ಬೆಲ್ಟ್ ಎಲ್ಲಿ? ಕೊಡವ ಸೀರೆಯ ನಿರಿಗೆ ಹಿಂದಕ್ಕೆ, ಸೆರಗು ಹೆಗಲಿಗೆ. ಸೊಂಟದಲ್ಲಿ ಏನೇ ಇಟ್ಟರೂ ಎದ್ದು ಕಾಣುತ್ತದೆ. ಹೆಚ್ಚಿನವರು ಕೊನೆಗೆ ಕೈಚೀಲಕ್ಕೆ ಹಾಕುತ್ತಾರೆ. ಚೀಲವೇ ಆದರೆ ರಿವಾಲ್ವರ್‌ಗೆಂದೇ ಬೇರೆ ಕಿಸೆ ಇರಲಿ, ಟ್ರಿಗರ್ ಮುಚ್ಚುವ ಗಟ್ಟಿ ಕವಚದಲ್ಲಿ ಇರಲಿ. ಬೀಗದಕೈ, ಪೆನ್ನು, ಚಿಲ್ಲರೆ ಜೊತೆ ಬೇಡವೇ ಬೇಡ. ಚೀಲ ಬ್ಯಾಂಕಿನ ಕೌಂಟರಿನ ಮೇಲೆ ಇಡುವುದಲ್ಲ, ಹೆಗಲಿಂದ ಇಳಿಸುವುದೂ ಅಲ್ಲ. ಮೊಮ್ಮಕ್ಕಳು ಇರುವ ಮನೆಯಲ್ಲಿ ಬಂದ ತಕ್ಷಣ ಗುಂಡು ಬಿಚ್ಚಿ ಬೀಗದೊಳಗೆ.

ನಮ್ಮ ಕಡೆ ಮಳೆಗಾಲವೂ ಒಂದು ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಹೋಲ್‌ಸ್ಟರ್ ನೀರು ಹೀರಿ ಬೂಷ್ಟು ಹಿಡಿಯುತ್ತದೆ. ರಿವಾಲ್ವರನ್ನು ಅದರಲ್ಲೇ ಬಿಟ್ಟರೆ ಚರ್ಮ ತಾಗಿದ ಕಡೆಯಲ್ಲೆಲ್ಲ ತುಕ್ಕಿನ ಚುಕ್ಕಿ ಏಳುತ್ತದೆ. ದಿನಾ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಹೋಲ್‌ಸ್ಟರ್‌ನಿಂದ ಬೇರೆ ಇಡಬೇಕು. ಚುನಾವಣೆ ಬಂದಾಗ ರಿವಾಲ್ವರ್ ಠೇವಣಿ ಇಡಲು ಹೇಳಿದರೆ ಕೊಡುವ ಮೊದಲೂ ಎಣ್ಣೆ ಹಚ್ಚಿ, ವಾಪಸ್ ತಂದ ದಿನವೇ ತೆಗೆದು ನೋಡಿ.

ಇನ್ನು ಸರ್ಕಾರಕ್ಕೆ ನನ್ನ ಮನವಿ. ತೋಟದಲ್ಲಿ ಗಿಡದ ರೆಂಬೆ ಸವರುವ ಕತ್ತರಿ ಕೊಳ್ಳುವಾಗಲೂ ಆಳುಗಳನ್ನೇ ಕರೆದುಕೊಂಡು ಹೋಗಿ ಅವರವರ ಕೈಗೆ ಹಿಡಿಸಿ ನೋಡಿ ತರುತ್ತೇವೆ. ಲಕ್ಷ ರೂಪಾಯಿಯ ರಿವಾಲ್ವರನ್ನು ಮಾತ್ರ ಒಂದು ಗುಂಡೂ ಹಾರಿಸದೆ ಕೊಳ್ಳಬೇಕು. ಅಂಗಡಿಯಲ್ಲಿ ಹಿಡಿದು ನೋಡಬಹುದು, ಅಷ್ಟೇ. ಕೈಗೆ ಆಗಲಿಲ್ಲ ಎಂದು ಮಾರುವುದಾದರೆ ಮತ್ತೆ ಅಧಿಕಾರಿಗಳಿಗೆ ಮೊದಲೇ ತಿಳಿಸಬೇಕು, ಕೊಳ್ಳುವವರಿಗೂ ಲೈಸೆನ್ಸ್ ಇರಬೇಕು. ಆ ಓಡಾಟಕ್ಕೆ ಹೆದರಿ ಹೆಂಗಸರು ಹಾಗೇ ಇಟ್ಟುಕೊಳ್ಳುತ್ತಾರೆ. ಅಮೆರಿಕದಲ್ಲಿ ಗುರಿ ಅಭ್ಯಾಸದ ರೇಂಜ್‌ನಲ್ಲೇ ಬೇರೆ ಬೇರೆ ಪಿಸ್ತೂಲ್ ಬಾಡಿಗೆಗೆ ಪಡೆದು ಹಾರಿಸಿ ನೋಡಿ ಆರಿಸುತ್ತಾರಂತೆ. ನನಗೆ ಅಲ್ಲಿನ ಹಾಗೆ ಮನೆಮನೆಗೂ ಪಿಸ್ತೂಲ್ ಬೇಕಿಲ್ಲ, ಅದು ಬರಲೂ ಬಾರದು. ಆದರೆ ಲೈಸೆನ್ಸ್ ಕೊಡುವುದೇ ಆದರೆ ಸರಿಯಾಗಿ ಕೊಡಿ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2016ರ ನಿಯಮದಲ್ಲೇ ಅರ್ಜಿದಾರರಿಗೆ ಸುರಕ್ಷತಾ ತರಬೇತಿ ಇದೆ. ಅದರಲ್ಲಿ ಹಾರಿಸುವ ಕ್ರಮ, ಒಯ್ಯುವ ಕ್ರಮ, ಆರೈಕೆ ಎಲ್ಲವೂ ಸೇರಿದೆ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರವನ್ನೂ ನಡೆಸುತ್ತಾರೆ. ನಾನು ಹೋಗಿದ್ದ ಶಿಬಿರದಲ್ಲಿ ಹೇಳಿಕೊಟ್ಟವರು ತಾಳ್ಮೆಯವರು, ಶಿಸ್ತಿನವರು. ಆದರೆ ಅಲ್ಲಿ ಇದ್ದದ್ದು ರೈಫಲ್ ಮಾತ್ರ. ಮಲಗಿಕೊಂಡು ದೂರದ ಗುರಿಗೆ ರೈಫಲ್ ಹೊಡೆಯುವುದಕ್ಕೂ ನಿಂತುಕೊಂಡು ಏಳು ಮೀಟರಿಗೆ ರಿವಾಲ್ವರ್ ಹಾರಿಸುವುದಕ್ಕೂ ಸಂಬಂಧವೇ ಇಲ್ಲ. ಕೈಬಂದೂಕಿಗೆ ಅರ್ಜಿ ಹಾಕಿದವರಿಗೆ ಪ್ರತ್ಯೇಕವಾಗಿ ಒಂದು ದಿನ ಇಡಲಿ. ಒಂದು 500 ಗ್ರಾಂನ .32, ಒಂದು 700 ಗ್ರಾಂನ .32, ಒಂದು .22, ಒಂದು ಪಿಸ್ತೂಲ್. ಪೊಲೀಸರ ಕಣ್ಣೆದುರಲ್ಲೇ, ಗುಂಡಿನ ಖರ್ಚು ಅರ್ಜಿದಾರರಿಂದಲೇ ಪಡೆದು, ಒಂದೊಂದರಲ್ಲೂ ಆರಾರು ಸುತ್ತು ಹಾರಿಸಲು ಬಿಡಲಿ. ಆ ದಿನವೇ ಕೆಲವರು ‘ನನಗಿದು ಬೇಡ’ ಎಂದು ಅರ್ಜಿ ವಾಪಸ್ ಪಡೆದಾರು. ಅದೂ ಒಳ್ಳೆಯದೇ.

ಮಡಿಕೇರಿಯಲ್ಲಿ ಇಂಥ ಶಿಬಿರ ಶುರುವಾದರೆ ಹೆಣ್ಣುಮಕ್ಕಳಿಗೆ ಹಿಡಿತ ಹೇಳಿಕೊಡಲು ನಾನು ಬರುತ್ತೇನೆ, ಸಂಬಳ ಬೇಡ. ಕಾಫಿ ಕುಯ್ಲಿನ ತಿಂಗಳುಗಳು ಬಿಟ್ಟು ಯಾವಾಗ ಕರೆದರೂ ಸರಿ.

ಇತಿ,
ಒಬ್ಬ ಕಾಫಿ ಬೆಳೆಗಾರ್ತಿ, ದಕ್ಷಿಣ ಕೊಡಗು
(ಸುರಕ್ಷತೆಯ ಕಾರಣಕ್ಕೆ ಹೆಸರು, ಊರು ಪ್ರಕಟಿಸಬೇಡಿ ಎಂದು ವಿನಂತಿ)