ಅಣ್ಣನ ಮೈಯಿಂದ ಸೀಸ ಇಳಿಸಿದವರಿಗೆ

ಅಣ್ಣನ ಹೊಸ ರಿಪೋರ್ಟ್ ಬಂದಿದೆ. ಒಂದು ಡೆಸಿಲೀಟರ್ ರಕ್ತದಲ್ಲಿ 84 ಮೈಕ್ರೋಗ್ರಾಂ ಇದ್ದ ಸೀಸ 27ಕ್ಕೆ ಇಳಿದಿದೆ. 5 ಮುಟ್ಟಿದರೇ ಅದು ಎಲ್ಲಿಂದ ಬಂತೆಂದು ಹುಡುಕಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ದಾರಿ ಇನ್ನೂ ಇದೆ. ಆದರೂ ಕಲಬುರಗಿಯಲ್ಲಿ ನಮ್ಮ ಜೊತೆ ನಿಂತವರಿಗೆ ಇವತ್ತೇ ಹೇಳಬೇಕು ಅನ್ನಿಸಿತು.

ಮೊದಲ ನಮಸ್ಕಾರ ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮನಿಗೆ. ಅಣ್ಣನಿಗೆ ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ರಕ್ತ ಕಡಿಮೆ. ಹೋದಲ್ಲೆಲ್ಲ ಗ್ಯಾಸಿನ ಗುಳಿಗೆ ಕೊಟ್ಟು ಕಳಿಸಿದ್ದರು. ಇವರು ತುಟಿ ಸರಿಸಿ ಒಸಡು ನೋಡಿದರು. ಹಲ್ಲಿನ ಬುಡಕ್ಕೆ ನೀಲಿಗಪ್ಪು ಗೆರೆ. "ಏನು ಕೆಲಸ ಮಾಡ್ತೀರಿ?" ಅಂದರು. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸ ಅಂದ ಕೂಡಲೇ ರಕ್ತ ಪರೀಕ್ಷೆಗೆ ಬರೆದರು. ಅಷ್ಟು ದಿನ ಯಾರೂ ಕೇಳದ ಪ್ರಶ್ನೆ ಅದು.

ಡ್ರಿಪ್‌ನಲ್ಲಿ ಕೊಟ್ಟಿದ್ದು ಕ್ಯಾಲ್ಸಿಯಂ ಇಡಿಟಿಎ ಎಂಬ ಔಷಧ. ಅದು ತನ್ನಲ್ಲಿರುವ ಕ್ಯಾಲ್ಸಿಯಂ ಬಿಟ್ಟು ಸೀಸವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕ್ಯಾಲ್ಸಿಯಂ ಇಲ್ಲದ ಇನ್ನೊಂದು ಇಡಿಟಿಎ ಕೂಡ ಇದೆ. ಅಪ್ಪಿತಪ್ಪಿ ಅದನ್ನು ಹಾಕಿದರೆ ರಕ್ತದ ಕ್ಯಾಲ್ಸಿಯಮ್ಮೇ ಕುಸಿದು ಜೀವಕ್ಕೆ ಕುತ್ತು. ಪ್ರತಿ ಸಲ ಔಷಧದ ಹೆಸರು ಗಟ್ಟಿಯಾಗಿ ಓದಿ, ಇನ್ನೊಬ್ಬರಿಗೆ ತೋರಿಸಿಯೇ ಹಾಕಿದ ಸಿಸ್ಟರ್‌ಗಳೇ, ಕಿಡ್ನಿಗೆ ಪೆಟ್ಟಾಗದಿರಲಿ ಎಂದು ರಾತ್ರಿಯೂ ಮೂತ್ರ ಅಳೆದು ಬರೆದಿಟ್ಟವರೇ, ನಿಮ್ಮನ್ನು ಹೇಗೆ ಮರೆಯಲಿ?

ಮನೆಗೆ ಬಂದ ಮೇಲೆ ಸೀಸ ಹೊರಹಾಕುವ ಇನ್ನೊಂದು ಔಷಧ, ಡಿ-ಪೆನಿಸಿಲಮೈನ್ ಗುಳಿಗೆ ಶುರುವಾಯಿತು. ಮೈಯಲ್ಲಿ ತಾಮ್ರ ಸೇರುವ ವಿಲ್ಸನ್ ಕಾಯಿಲೆಗೆ ಕೊಡುವುದೂ ಇದನ್ನೇ. ಎಲ್ಲ ಅಂಗಡಿಯಲ್ಲಿ ಸಿಗಲ್ಲ. ಮೆಡಿಕಲ್ ಅಂಗಡಿಯ ಕಾಕಾ ಹೈದರಾಬಾದಿನಿಂದ ತರಿಸಿಕೊಟ್ಟರು. ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳಬೇಕು. ವೈನಿ ರೊಟ್ಟಿ ಬಡಿಯುವ ಮೊದಲೇ ಅಣ್ಣನನ್ನು ಎಬ್ಬಿಸಿ, ಗುಳಿಗೆ ನುಂಗಿಸಿ, ಒಂದು ತಾಸು ಚಹಾ ಕೂಡ ಕೊಡುತ್ತಿರಲಿಲ್ಲ.

ನಡುವೆ ಔಷಧ ನಿಲ್ಲಿಸಿದಾಗ ಸೀಸ ಮತ್ತೆ ಏರಿತು. ತುಂಬಾ ಹೆದರಿದೆವು. ಸೀಸ ಮೂಳೆಯಲ್ಲಿ ಹತ್ತಾರು ವರ್ಷ ಕೂತಿರುತ್ತದೆ, ರಕ್ತದಲ್ಲಿ ಸೀಸ ಕಡಿಮೆಯಾದರೆ ಅಲ್ಲಿಂದ ಮತ್ತೆ ರಕ್ತಕ್ಕೆ ಇಳಿಯುತ್ತದೆ ಎಂದು ಡಾಕ್ಟರಮ್ಮ ಕೂರಿಸಿಕೊಂಡು ತಿಳಿಸಿದರು. ಭಟ್ಟಿಗೆ ಮತ್ತೆ ಹೋದರೆ ಯಾವ ಔಷಧವೂ ಉಪಯೋಗಕ್ಕಿಲ್ಲ ಅಂತಲೂ ಹೇಳಿದರು. ಆಗ ಅಣ್ಣನಿಗೆ ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ ಕೊಟ್ಟ ಮಾಲೀಕರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಭಟ್ಟಿಯಲ್ಲಿ ಇನ್ನೂ ದುಡಿಯುತ್ತಿರುವ ಗೆಳೆಯರೇ, ಅಣ್ಣ ಮಲಗಿದ್ದಾಗ ನಿಮ್ಮ ಪಗಾರದಲ್ಲೇ ದುಡ್ಡು ಕೂಡಿಸಿ ತಂದಿರಿ. ದಯವಿಟ್ಟು ನೀವೂ ರಕ್ತ ಪರೀಕ್ಷೆ ಮಾಡಿಸಿ. ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಮನೆಗೆ ಹೋಗಿ, ಆ ಧೂಳು ಮಕ್ಕಳಿಗೆ ಇನ್ನೂ ಜಾಸ್ತಿ ಕೆಟ್ಟದ್ದು. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಹೇಳಿ, ನಾನೇ ಜೊತೆಗೆ ಬರುತ್ತೇನೆ.