ನೀರಿಗೆ ಬೀದಿಗಿಳಿಯುವ ನಾವು ಕಾಡಿನ ವಿಷಯಕ್ಕೆ ಯಾಕೆ ಸುಮ್ಮನಿದ್ದೇವೆ?

ಸಂಪಾದಕರಿಗೆ ನಮಸ್ಕಾರ,

ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆ ಬಗ್ಗೆ ಬರುವ ಸುದ್ದಿಗಳನ್ನು ಓದುತ್ತಿದ್ದೇನೆ. ನಮ್ಮ ಮಂಡ್ಯದ ಕಡೆ ಇದರ ಮಾತೆತ್ತಿದರೆ "ಅದು ಮಲೆನಾಡಿನವರ ವಿಷಯ, ನಮಗ್ಯಾಕೆ?" ಅನ್ನುತ್ತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ.

ಯೋಜನೆ ಇಷ್ಟು: ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಪಂಪ್ ಮಾಡುವುದು, ಕರೆಂಟ್ ಬೇಕಾದಾಗ ಅದೇ ನೀರನ್ನು ಕೆಳಗೆ ಬಿಟ್ಟು 2,000 ಮೆಗಾವಾಟ್ ತೆಗೆಯುವುದು. ಹಗಲಿನ ಸೋಲಾರ್ ಕರೆಂಟನ್ನು ಸಂಜೆಗೆ ಉಳಿಸಿಕೊಳ್ಳಲು ಇದು ಬೇಕು ಅಂತ ಸರ್ಕಾರ ಹೇಳುತ್ತದೆ. ಆ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ, ಪಂಪ್‌ಸೆಟ್‌ಗೆ ಕರೆಂಟ್ ಕಾಯುವ ರೈತ ನಾನು. ಆದರೆ ಜಾಗ ಯಾವುದು ಅಂತ ನೋಡಿ. ಸಿಂಗಳೀಕಕ್ಕೆ ಅಂತಲೇ ಘೋಷಿಸಿದ ಅಭಯಾರಣ್ಯ ಅದು. 15 ಸಾವಿರಕ್ಕೂ ಹೆಚ್ಚು ಮರ ಹೋಗುತ್ತವೆ. ಸಿಂಗಳೀಕ ನೆಲಕ್ಕೆ ಇಳಿಯುವುದೇ ಅಪರೂಪ, ಕೊಂಬೆಯಿಂದ ಕೊಂಬೆಗೆ ದಾಟುತ್ತಾ ಹಣ್ಣು ಹುಡುಕಿಕೊಂಡು ಬದುಕುವ ಪ್ರಾಣಿ, ಮಧ್ಯೆ ಒಂದು ಅಗಲವಾದ ರಸ್ತೆ ಬಂದರೆ ಸಾಕು ಈ ಕಡೆಯ ಗುಂಪು ಆ ಕಡೆ ಹೋಗಲಾರದು.

ಇದಕ್ಕೆಲ್ಲ ಸಿಗುವ ಉತ್ತರ ಒಂದೇ: ಕಡಿದಷ್ಟಕ್ಕೆ ಬದಲಿಯಾಗಿ ಬೇರೆ ಕಡೆ ಗಿಡ ನೆಡುತ್ತೇವೆ! ಗಿಡ ನೆಡುವುದು ಹೇಗಿರುತ್ತೆ ಅಂತ ನಮ್ಮ ನಾಲೆ ಏರಿ ಮೇಲೆ ಬಂದರೆ ತೋರಿಸುತ್ತೇನೆ. ಜೂನ್ 5ಕ್ಕೆ ಫೋಟೋ ತೆಗೆಸಿಕೊಂಡು ಹೊಂಗೆ, ಬೇವು ನೆಟ್ಟರು. ಶಿವರಾತ್ರಿ ಹೊತ್ತಿಗೆ ಗುಂಡಿಯಲ್ಲಿ ಉಳಿದಿದ್ದು ಕಪ್ಪು ಪ್ಲಾಸ್ಟಿಕ್ ಕವರು ಮತ್ತು ಒಂದು ಒಣ ಕಡ್ಡಿ. ಟ್ರೀ ಗಾರ್ಡ್‌ಗೆ ಯಾರೋ ಮೇಕೆ ಕಟ್ಟಿದ್ದರು. ಸರಿ, ಎಲ್ಲ ಗಿಡಗಳೂ ಬದುಕಿದವು ಅಂತಲೇ ಇಟ್ಟುಕೊಳ್ಳಿ, ಆಗಲೂ ಅದು ತೋಪು, ಕಾಡಲ್ಲ.

ಕೊಡಗಿನಲ್ಲಿ ಸಾವಿರಕ್ಕೂ ಜಾಸ್ತಿ ದೇವರಕಾಡುಗಳಿವೆ. ಅಂಥ ಒಂದು ಕಾಡಿನೊಳಗೆ ಏಪ್ರಿಲ್ ಬಿಸಿಲಲ್ಲಿ ಹೋಗಿ ಕೂತು ನೆಲದ ಮೇಲಿನ ತರಗು ಸರಿಸಿ ನೋಡಿ. ಮೇಲೆ ಗರಿಗರಿ ಎಲೆ, ಅದರ ಕೆಳಗೆ ಅರ್ಧ ಕೊಳೆತದ್ದು, ಅದರಡಿ ಬಿಳಿ ನೂಲಿನಂಥ ಬೂಷ್ಟು, ಆಮೇಲೆ ಕೈಗೆ ತಣ್ಣಗೆ ಸಿಗುವ ಕಪ್ಪು ಮಣ್ಣು. ಮಳೆ ಬಿದ್ದರೆ ನೀರು ಹರಿದು ಓಡುವುದಿಲ್ಲ, ಇಳಿಯುತ್ತದೆ. ಈ ಪದರ ಒಂದು ತಲೆಮಾರಿನಲ್ಲಿ ಆಗುವಂಥದ್ದಲ್ಲ. ಮಂಗಟ್ಟೆ ಹಕ್ಕಿ ಗೊತ್ತಲ್ವಾ? ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತದೆ, ಬರೀ ಕೊಕ್ಕು ತೂರುವಷ್ಟು ಸಂದಿ ಬಿಟ್ಟು. ವಾರಗಟ್ಟಲೆ ಗಂಡು ಹಣ್ಣು ತಂದು ಆ ಸಂದಿಯಲ್ಲೇ ಕೊಡುತ್ತದೆ. ಅಂಥ ಪೊಟರೆ ಆಗಬೇಕಾದರೆ ಮರಕ್ಕೆ ವಯಸ್ಸಾಗಿರಬೇಕು. ಅಕೇಶಿಯಾ ಪ್ಲಾಂಟೇಶನ್‌ನಲ್ಲಿ ಅದೆಲ್ಲಿ ಸಿಗುತ್ತೆ?

ಈಗ ನಮ್ಮ ಸ್ವಂತ ವಿಷಯಕ್ಕೆ ಬರುತ್ತೇನೆ. ಕೆಆರ್‌ಎಸ್‌ಗೆ ನೀರು ಎಲ್ಲಿಂದ ಬರುತ್ತೆ? ತಲಕಾವೇರಿ ಬೆಟ್ಟಗಳಿಂದ ಕಾವೇರಿ, ಪುಷ್ಪಗಿರಿ ಕಡೆಯಿಂದ ಹಾರಂಗಿ, ಬ್ರಹ್ಮಗಿರಿಯಿಂದ ಲಕ್ಷ್ಮಣತೀರ್ಥ, ಮೂಡಿಗೆರೆ ಕಡೆಯಿಂದ ಹೇಮಾವತಿ. ನಮ್ಮ ಭತ್ತ, ಕಬ್ಬು ನಿಂತಿರುವುದು ಆ ಕಾಡುಗಳ ಮೇಲೆ. ಕಾಡಿದ್ದರೆ ಬರವೇ ಬರುವುದಿಲ್ಲ ಅಂತಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು, ಕಟ್ಟೆ ತುಂಬಲಿಲ್ಲ, 2025ರಲ್ಲಿ ಜೂನ್‌ನಲ್ಲೇ ತುಂಬಿತು. ಆದರೆ ಬಿದ್ದ ಮಳೆ ಹಳ್ಳಗಳಲ್ಲಿ ನಿಧಾನಕ್ಕೆ ಇಳಿದು ಬರಬೇಕಾ, ಇಲ್ಲ ಮಣ್ಣು ಬಾಚಿಕೊಂಡು ಎರಡೇ ದಿನದಲ್ಲಿ ಬಂದು ಕಟ್ಟೆಯಲ್ಲಿ ಹೂಳಾಗಬೇಕಾ ಅನ್ನುವುದನ್ನು ತೀರ್ಮಾನಿಸುವುದರಲ್ಲಿ ಮೇಲಿನ ಕಾಡಿನ ಪಾಲು ದೊಡ್ಡದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಆ ಮಣ್ಣೆಲ್ಲ ಎಲ್ಲಿಗೆ ಬಂತು ಅಂತ ನಾವು ಯಾರೂ ಕೇಳಲೇ ಇಲ್ಲ. ಮೈಸೂರಿನಿಂದ ಕೋಝಿಕ್ಕೋಡ್‌ಗೆ 400 ಕೆವಿ ಲೈನ್ ಎಳೆಯಲು ಕೊಡಗಿನಲ್ಲಿ ಸಾವಿರಗಟ್ಟಲೆ ಮರ ಕಡಿದರು, ಅಲ್ಲಿನವರು ಬೇಡ ಅಂತ ಹೋರಾಡಿದರು. ನಮ್ಮ ಕಡೆಯಿಂದ ಅವರ ಜೊತೆಗೆ ಎಷ್ಟು ಜನ ಹೋದರು? ಕಾವೇರಿ ನೀರು ಬಿಟ್ಟರೆ ಹೆದ್ದಾರಿ ಬಂದ್ ಮಾಡುವ ನಾವು, ವಿಶ್ವೇಶ್ವರಯ್ಯ ಪ್ರತಿಮೆ ಮುಂದೆ ಧರಣಿ ಕೂರುವ ನಾವು, ಅವತ್ತು ಮನೆಯಲ್ಲಿದ್ದೆವು. ಇದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಹೋರಾಡಿದರೆ ಏನೂ ಆಗಲ್ಲ ಅನ್ನುವುದು ಸುಳ್ಳು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ನುಗ್ಗಿ ಮರಗಳನ್ನು ಅಪ್ಪಿಕೊಂಡರು, ಕೊಡಲಿ ನಿಂತಿತು. ಅಪ್ಪಿಕೋ ಚಳವಳಿ ಶುರುವಾಗಿದ್ದು ಹಾಗೆ. ಅಷ್ಟು ದೂರ ಯಾಕೆ, 2021ರಲ್ಲಿ ಮೈಸೂರಿನ ಲಲಿತಮಹಲ್ ಹತ್ತಿರ ಪ್ರವಾಸಿಗರನ್ನು ಹೆಲಿಕಾಪ್ಟರ್‌ನಲ್ಲಿ ಸುತ್ತಿಸುವ ಹೆಲಿಟೂರಿಸಂಗೆ 500ಕ್ಕೂ ಹೆಚ್ಚು ಮರ ಕಡಿಯಲು ಹೊರಟಾಗ ಜನ ರಾಶಿ ರಾಶಿ ಆಕ್ಷೇಪಣೆ ಬರೆದರು, ಯೋಜನೆ ಕೈಬಿಟ್ಟರು. ಆದರೆ 2025ರ ಏಪ್ರಿಲ್‌ನಲ್ಲಿ ಅದೇ ಮೈಸೂರಿನ ಹೈದರಾಲಿ ರಸ್ತೆಯ ಸುಮಾರು 40 ಮರಗಳ ವಿಷಯದಲ್ಲಿ ಜನ ರೊಚ್ಚಿಗೆದ್ದಿದ್ದು ಮರ ಉರುಳಿದ ಮೇಲೆ.

ಹಾಗಾಗಿ ನಮ್ಮ ರೈತ ಸಂಘಟನೆಗಳಲ್ಲಿ ಕೇಳಿಕೊಳ್ಳುತ್ತೇನೆ. ಮುಂದಿನ ಸಲ ನೀರಿಗಾಗಿ ಮನವಿ ಕೊಡುವಾಗ ಅದೇ ಹಾಳೆಯಲ್ಲಿ ಇನ್ನೊಂದು ಬೇಡಿಕೆ ಬರೆಯಿರಿ: ಜಲಾನಯನ ಪ್ರದೇಶದ ಹಳೇ ಕಾಡುಗಳಲ್ಲಿ ಯಾವ ಯೋಜನೆಗೂ ಮರ ಕಡಿಯಬಾರದು. ಶರಾವತಿಗಾಗಿ ಹೋರಾಡುತ್ತಿರುವವರ ಸಭೆಗೆ ನಮ್ಮ ಜಿಲ್ಲೆಯಿಂದಲೂ ಒಂದು ಬಸ್ಸು ಹೋಗಲಿ.

ನಿಮ್ಮಲ್ಲೂ ಒಂದು ವಿನಂತಿ ಇದೆ. 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆ ಯಾವುದೋ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಬರುತ್ತೆ, ಕಣ್ಣಿಗೆ ಬೀಳುವಷ್ಟರಲ್ಲಿ ಕೊನೆಯ ದಿನ ಮುಗಿದಿರುತ್ತೆ. ದಿನಾ ಕೆಆರ್‌ಎಸ್ ನೀರಿನ ಮಟ್ಟ ಹಾಕುತ್ತೀರಲ್ಲ, ಅದರ ಪಕ್ಕದಲ್ಲೇ ಎಲ್ಲಿ, ಎಷ್ಟು ಮರ, ಆಕ್ಷೇಪಣೆ ಯಾರಿಗೆ ಬರೆಯಬೇಕು, ಯಾವತ್ತಿನ ಒಳಗೆ ಅಂತ ನಾಲ್ಕು ಸಾಲು ಹಾಕಿ. ಬರೆಯುವ ಕೆಲಸ ನಾವು ಮಾಡುತ್ತೇವೆ.

– ಒಬ್ಬ ರೈತ, ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ