ಇಂಜಿನ್ ಬದಲಿಸಿದ ಮೇಲೆ ಆರ್‌ಪಿಎಂ ಮೀಟರನ್ನೂ ಸರಿಪಡಿಸಲಿ

ಮಾನ್ಯ ಸಂಪಾದಕರೇ,

ಮಲೆನಾಡಿನ ತೋಟಗಳಲ್ಲಿ ವರ್ಷಗಟ್ಟಲೆ ದುಡಿದ ಡೀಸೆಲ್ ಜೀಪುಗಳಿಗೆ ಬೇರೆ ಇಂಜಿನ್ ಕೂರಿಸಿ ಮತ್ತೆ ರಸ್ತೆಗಿಳಿಸುವುದು ನಮ್ಮ ಕಡೆ ಹೊಸತೇನಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಅನುಮತಿ ಪಡೆದು, ಹೊಸ ಇಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ಬರೆಸಿಕೊಂಡರೆ ಕೆಲಸ ಮುಗಿಯಿತೆಂದು ಮಾಲೀಕರೂ ಗ್ಯಾರೇಜಿನವರೂ ಭಾವಿಸುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಉಳಿದ ಹಳೆಯ ಆರ್‌ಪಿಎಂ ಮೀಟರು, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮೀಟರು, ಹೊಸ ಇಂಜಿನ್ನಿನ ಸುತ್ತುಗಳನ್ನು ಸರಿಯಾಗಿ ಎಣಿಸುತ್ತಿದೆಯೇ ಎಂದು ಪರೀಕ್ಷಿಸಿದವರನ್ನು ನಾನು ಕಂಡದ್ದು ಬಹಳ ಕಡಿಮೆ.

ನನ್ನ ಜೀಪಿನ ಇಂಜಿನ್ ಸೀಜ್ ಆಗಿ ತಿರುಗದಂತಾದಾಗ ಅದೇ ಕಂಪನಿಯ, ಅದೇ ಬಗೆಯ ಇನ್ನೊಂದು ಇಂಜಿನ್ ಹಾಕಿಸಿದೆ. ಅದರೊಂದಿಗೇ ಬಂದ ಆಲ್ಟರ್ನೇಟರಿನ (ಇಂಜಿನ್ನಿನ ಬೆಲ್ಟಿನಿಂದ ತಿರುಗಿ ಕರೆಂಟು ಕೊಡುವ ಯಂತ್ರದ) ಪುಲ್ಲಿ, ಅಂದರೆ ಬೆಲ್ಟ್ ಹಾಯುವ ಗಾಲಿ, ಹಿಂದಿನದಕ್ಕಿಂತ ದೊಡ್ಡದಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ ಇಂಜಿನ್ ಸುಮ್ಮನೆ ಓಡುವಾಗ, 800 ತೋರಿಸಬೇಕಾದ ಮೀಟರು 640ರಲ್ಲಿ ನಿಂತಿತು. ದೂರು ಹೇಳಿದಾಗ ಗ್ಯಾರೇಜಿನವರು ಮೀಟರಿನ ಗಾಜು ಬಿಚ್ಚಿ, ಮುಳ್ಳನ್ನು ಕಿತ್ತು 800ರ ಗೆರೆಗೆ ಒತ್ತಿ ಕೂರಿಸಿ ಕೊಟ್ಟರು. ಕೀಲಿ ತೆಗೆದ ಮೇಲೂ ಮುಳ್ಳು ಸೊನ್ನೆಗೆ ಮರಳದಿದ್ದುದನ್ನು ಕಂಡಾಗಲೇ ನಾನು ಅನುಮಾನಿಸಬೇಕಿತ್ತು.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿ ಇಂಜಿನ್ನಿನ ಹಿಡಿತದ ಮೇಲೇ ಬರುತ್ತಿದ್ದೆ. ಮುಳ್ಳು 3,400ರ ಒಳಗೇ ಇತ್ತು, ಇಂಜಿನ್ ಮಾತ್ರ ಕಿರುಚುತ್ತಿತ್ತು, ಗೇರ್ ಲಿವರ್ ಹಿಡಿದ ಅಂಗೈಗೆ ನಡುಕ ತಟ್ಟುತ್ತಿತ್ತು. ಆಮೇಲೆ ಲೆಕ್ಕ ಹಾಕಿದಾಗ ಇಂಜಿನ್ ನಿಜಕ್ಕೂ ತಿರುಗುತ್ತಿದ್ದುದು 4,000 ಸುತ್ತಿನ ಆಸುಪಾಸಿನಲ್ಲಿ ಎಂದು ತಿಳಿಯಿತು. ಸುತ್ತು ಮಿತಿ ಮೀರದಂತೆ ಡೀಸೆಲ್ ಹರಿವನ್ನು ನಿಯಂತ್ರಿಸುವ ಗವರ್ನರ್ ಇದೆಯಲ್ಲ ಎಂದು ಧೈರ್ಯ ಹೇಳುವವರಿದ್ದಾರೆ. ಗವರ್ನರ್ ಡೀಸೆಲನ್ನು ಕಡಿಮೆ ಮಾಡಬಲ್ಲದೇ ಹೊರತು, ಇಳಿಜಾರಿನಲ್ಲಿ ಚಕ್ರಗಳೇ ಇಂಜಿನ್ನನ್ನು ತಿರುಗಿಸತೊಡಗಿದಾಗ ಅದನ್ನು ತಡೆಯಲಾರದು. ಅಂಥ ಹೊತ್ತಿನಲ್ಲಿ ಚಾಲಕನಿಗೆ ಎಚ್ಚರಿಕೆ ಕೊಡಬೇಕಾದದ್ದು ಈ ಮೀಟರು.

ತಪ್ಪು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದರೆ ಮುಳ್ಳಿಗೆ ಯಾರೂ ಕೈ ಹಾಕುವುದಿಲ್ಲ. ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಮೀಟರು ಪ್ಲಗ್ಗಿಗೆ ಕಿಡಿ ಒದಗಿಸುವ ಇಗ್ನಿಷನ್ ಕಾಯಿಲ್‌ನಿಂದ ಬರುವ ಮಿಡಿತಗಳನ್ನು ಎಣಿಸುತ್ತದೆ. ಸುತ್ತೊಂದಕ್ಕೆ ನಾಲ್ಕು ಸಿಲಿಂಡರಿನ ಇಂಜಿನ್ ಎರಡು ಮಿಡಿತ ಕೊಟ್ಟರೆ ಆರು ಸಿಲಿಂಡರಿನದು ಮೂರು ಕೊಡುತ್ತದೆ. ಆದ್ದರಿಂದ ಆರು ಸಿಲಿಂಡರಿನ ಮೀಟರನ್ನು ನಾಲ್ಕು ಸಿಲಿಂಡರಿಗೆ ಜೋಡಿಸಿದರೆ 3,000 ಸುತ್ತು 2,000 ಎಂದು ಕಾಣುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಕಾಯಿಲ್ಲೇ ಇಲ್ಲದಿರುವುದರಿಂದ ನನ್ನ ಜೀಪಿನಂಥ ಗಾಡಿಗಳಲ್ಲಿ ಆಲ್ಟರ್ನೇಟರಿನ ಮಿಡಿತಗಳನ್ನು ಹೊರಕೊಡುವ ಡಬ್ಲ್ಯು ಟರ್ಮಿನಲ್‌ನಿಂದ ತಂತಿ ಎಳೆದಿರುತ್ತಾರೆ. ನನ್ನ ಆಲ್ಟರ್ನೇಟರಿನಲ್ಲಿ ಹನ್ನೆರಡು ಧ್ರುವಗಳು, ಅಂದರೆ ಅದರ ಒಂದು ಸುತ್ತಿಗೆ ಆರು ಮಿಡಿತ. ಇಂಜಿನ್ನಿನೊಡನೆ ತಿರುಗಿ ಬೆಲ್ಟನ್ನು ಎಳೆಯುವ ಕ್ರ್ಯಾಂಕ್ ಪುಲ್ಲಿ ಅಡ್ಡಳತೆಯಲ್ಲಿ 150 ಮಿ.ಮೀ., ಹಳೆಯ ಆಲ್ಟರ್ನೇಟರ್ ಪುಲ್ಲಿ 60 ಮಿ.ಮೀ. ಇದ್ದಾಗ ಇಂಜಿನ್ನಿನ ಪ್ರತಿ ಸುತ್ತಿಗೆ 15 ಮಿಡಿತ ಬರುತ್ತಿತ್ತು. ಹೊಸ ಪುಲ್ಲಿ 75 ಮಿ.ಮೀ. ಇದ್ದು ನಿಧಾನವಾಗಿ ತಿರುಗುವುದರಿಂದ ಮಿಡಿತ 12ಕ್ಕೆ ಇಳಿಯಿತು. ಮೀಟರು ಐದರಲ್ಲಿ ನಾಲ್ಕು ಪಾಲನ್ನಷ್ಟೇ ತೋರಿಸುತ್ತಿದ್ದುದಕ್ಕೆ ಕಾರಣ ಇದು. ಮುಳ್ಳನ್ನು 160 ಸುತ್ತಿನಷ್ಟು ಮುಂದಕ್ಕೆ ಸರಿಸಿದಾಗ ಐಡ್ಲಿಂಗ್ ಮಾತ್ರ ಸರಿಹೋಯಿತು. ಸುತ್ತು ಏರಿದಂತೆ ತಪ್ಪೂ ಏರಿತು.

ಕೊನೆಗೆ ಬೇರೊಬ್ಬ ಆಟೋ ಎಲೆಕ್ಟ್ರಿಷಿಯನ್ ಇದನ್ನು ಸರಿಪಡಿಸಿದರು. ಹಳೆಯ ಪುಲ್ಲಿ ಗುಜರಿಗೆ ಹೋಗಿರದಿದ್ದರೆ ಅದನ್ನೇ ಹಾಕಿ ನೋಡಬಹುದಿತ್ತು ಎಂದರು. ಅವರು ಮೊದಲು ಮುಳ್ಳನ್ನು ಸೊನ್ನೆಗೆ ತಂದರು. ಕ್ರ್ಯಾಂಕ್ ಪುಲ್ಲಿಯ ಮೇಲೆ ಹೊಳೆಯುವ ಪಟ್ಟಿಯೊಂದನ್ನು ಅಂಟಿಸಿ, ಬೆಳಕು ಹಾಯಿಸಿ ಸುತ್ತು ಅಳೆಯುವ ಕೈ ಉಪಕರಣದಿಂದ 800, 2,000 ಮತ್ತು 3,000ದಲ್ಲಿ ಅಳೆದರು. ಮೂರು ಕಡೆಯೂ ತಪ್ಪಿನ ಅನುಪಾತ ಒಂದೇ ಇದ್ದರೆ ಅದು ಎಣಿಕೆಯ ತಪ್ಪು. ಮುಳ್ಳು ಕುಣಿದರೆ ಸಡಿಲ ತಂತಿಯನ್ನೋ ಕೆಟ್ಟ ಅರ್ಥಿಂಗ್ ಜೋಡಣೆಯನ್ನೋ ಹುಡುಕಬೇಕು. ಹೆಡ್‌ಲೈಟ್ ಹಾಕಿದೊಡನೆ ಇಂಜಿನ್ನಿನ ಸದ್ದು ತಗ್ಗದೆ ಮುಳ್ಳು ಮಾತ್ರ ಕುಸಿದರೆ ಬೆಲ್ಟ್ ಜಾರುತ್ತಿದೆಯೇ ಎಂದು ನೋಡಬೇಕು ಎಂದು ವಿವರಿಸಿದರು. ನನ್ನ ಮೀಟರಿನ ಹಿಂಬದಿಯಲ್ಲಿದ್ದ ಸಣ್ಣ ತಿರುಪನ್ನು ತಿರುಗಿಸಿದ್ದರಲ್ಲೇ ಮೂರೂ ಅಂಕಿಗಳು ಹೊಂದಿಕೊಂಡವು. ಆ ಸೌಲಭ್ಯವಿಲ್ಲದ ಮೀಟರಿಗೆ ಮಿಡಿತಗಳ ಅನುಪಾತ ಬದಲಿಸುವ ಅಡಾಪ್ಟರನ್ನು ನಡುವೆ ಜೋಡಿಸಬಹುದು.

ಅರ್ಧ ಗಂಟೆಯ ಈ ಕೆಲಸವನ್ನು ಇಂಜಿನ್ ಕೂರಿಸಿದ ದಿನವೇ ಮಾಡಿದ್ದರೆ ನಾನು ಆ ಘಾಟಿಯಲ್ಲಿ ತಪ್ಪು ಅಂಕಿಯನ್ನು ನಂಬಿ ಇಳಿಯಬೇಕಾಗುತ್ತಿರಲಿಲ್ಲ. ಇಂಜಿನ್ ಬದಲಿಸುವ ಗ್ಯಾರೇಜುಗಳು ಈ ಮೂರು ಅಳತೆಗಳನ್ನು, ಮೀಟರು ತೋರಿಸಿದ ಅಂಕಿಗಳ ಜೊತೆಗೆ ಬಿಲ್ಲಿನಲ್ಲೇ ಬರೆದುಕೊಡಬೇಕು. ಬದಲಾದ ಇಂಜಿನ್ ಪರಿಶೀಲಿಸುವ ಸಾರಿಗೆ ಅಧಿಕಾರಿಗಳು ಇಂಜಿನ್ ಸಂಖ್ಯೆಯ ಜೊತೆಗೆ ಆ ಬಿಲ್ಲನ್ನೂ ಕೇಳಿ ನೋಡಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ